ಕಂಕಭಟ್ಟನ ಉದ್ಯೋಗ

ನಮ್ಮ ಕಡೆ ಮಳೆ ಕೈಕೊಟ್ಟರೆ ಗುಡಿಯಲ್ಲಿ ವಿರಾಟಪರ್ವ ಓದಿಸುವುದು ಹಿಂದಿನಿಂದ ಬಂದ ಪದ್ಧತಿ. ಕನ್ನಡದವರು ಕನ್ನಡದಲ್ಲಿ, ತೆಲುಗಿನವರು ತೆಲುಗಿನಲ್ಲಿ. ಮಳೆ ಬಂತೋ ಬಿಡ್ತೋ, ಆ ಪರ್ವದ ಕಥೆ ಮಾತ್ರ ನಮ್ಮಲ್ಲಿ ಓದು ಬಾರದವರಿಗೂ ಬಾಯಿಗೆ ಬರುತ್ತದೆ. ರಾಜ್ಯ ಕಳಕೊಂಡ ಐದು ಜನ ಅಣ್ಣತಮ್ಮಂದಿರು, ಅವರ ಹೆಂಡತಿ, ಒಂದು ವರ್ಷ ಹೆಸರು ಮರೆಸಿಕೊಂಡು ಪರರ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾರೆ. ಮಿಕ್ಕ ಪರ್ವಗಳಲ್ಲಿ ಇರುವುದು ರಾಜರ ಕಥೆ, ಇದರಲ್ಲಿ ಇರುವುದು ನೌಕರಿಯ ಕಥೆ. ಕಡ್ಲೆಕಾಯಿ ಒಣಗಿದ ವರ್ಷ ಬೆಂಗಳೂರಿನ ಬಸ್ಸು ಹತ್ತುವ ನಮ್ಮಂಥವರಿಗೆ ಅದು ಹತ್ತಿರವಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಅವರು ಹಿಡಿದ ಕೆಲಸಗಳನ್ನು ಒಮ್ಮೆ ಎಣಿಸಿ ನೋಡಿ. ಭೀಮ ಅಡುಗೆಮನೆಗೆ ಹೋದ. ದ್ರೌಪದಿ ರಾಣಿಗೆ ತಲೆ ಬಾಚಿ, ಹೂ ಮುಡಿಸಿ, ಗಂಧ ತೇಯುವ ಸೈರಂಧ್ರಿಯಾದಳು. ಅರ್ಜುನ ಕುಣಿತ ಕಲಿಸಿದ. ನಕುಲ ರಾಜನ ಕುದುರೆ ನೋಡಿಕೊಂಡ, ಸಹದೇವ ಹಸು. ಈಗಿನ ಐದು ನಕ್ಷತ್ರದ ಹೋಟೆಲಿನ ವಿಭಾಗಗಳೂ ಹೆಚ್ಚುಕಮ್ಮಿ ಇವೇ: ಕಿಚನ್, ಸ್ಪಾ, ಮನರಂಜನೆ, ಬಾಗಿಲಲ್ಲಿ ಕಾರು ತೆಗೆದುಕೊಂಡು ಹೋಗಿ ನಿಲ್ಲಿಸುವವನು, ಹಾಲು ತುಪ್ಪದ ಸರಬರಾಜು. ಉಳಿದವನು ಹಿರಿಯಣ್ಣ. ಧರ್ಮ ಅಂತಲೇ ಹೆಸರಿದ್ದವನು. ಅವನು ಕಂಕಭಟ್ಟ ಅಂತ ಹೆಸರಿಟ್ಟುಕೊಂಡು ಆರಿಸಿಕೊಂಡದ್ದು ರಾಜನಿಗೆ ಪಗಡೆ ಆಡಿಸುವ ಕೆಲಸ. ಯಾವುದರಿಂದ ಮನೆ ಹಾಳಾಯಿತೋ ಅದೇ ಕೆಲಸ. ಓದಿಸುವಾಗ ಇದನ್ನು ಯಾರೂ ನಿಲ್ಲಿಸಿ ಕೇಳುವುದಿಲ್ಲ. ಕೀಚಕವಧೆ ಬೇಗ ಬರಲಿ ಅಂತ ಕಾಯುತ್ತಾ ಇರ್ತಾರೆ.

ನಾನು ನಿಲ್ಲಿಸಿ ಕೇಳಬೇಕಾಗಿ ಬಂದದ್ದು ಒಬ್ಬ ಹುಡುಗನ ದೆಸೆಯಿಂದ. ನನ್ನ ಹತ್ತಿರ ಹತ್ತನೇ ಕ್ಲಾಸಿನ ತನಕ ಲೆಕ್ಕ ಕಲಿತವನು. ಈಗ ಗೋವಾದಲ್ಲಿ, ಪಣಜಿಯ ಮಾಂಡೋವಿ ನದಿಯ ಮೇಲೆ ನಿಂತಿರುವ ಹಡಗೊಂದರ ಕ್ಯಾಸಿನೋದಲ್ಲಿ ಎಲೆ ಹಂಚುತ್ತಾನೆ. ಹೋದ ಸಲ ರಜಕ್ಕೆ ಬಂದಾಗ ವಾಚನಾಲಯದ ಜಗಲಿಯಲ್ಲಿ ಕೂತು ನೇರವಾಗಿ ಕೇಳಿದ: “ಸಾರ್, ನಾನೇನು ಜೂಜಾಡಲ್ಲ. ಒಂದು ರೂಪಾಯಿ ಕಟ್ಟಿಲ್ಲ ಇಲ್ಲೀವರೆಗೂ. ಕೂಲಿಗೆ ಎಲೆ ಹಾಕ್ತೀನಿ ಅಷ್ಟೆ. ಅದು ತಪ್ಪಾ?”

ಈ ಪ್ರಶ್ನೆ ಅವನೊಬ್ಬನದಲ್ಲ. ಪೆನುಕೊಂಡದ ಹತ್ತಿರ ಕಿಯಾ ಕಾರಿನ ಕಾರ್ಖಾನೆ ಬಂದರೂ ಎಲ್ಲರಿಗೂ ಅಲ್ಲಿ ಜಾಗ ಸಿಕ್ಕಲಿಲ್ಲ. ಹಿಂದೂಪುರದಲ್ಲಿ ಬೆಳಗಿನ ರೈಲು ಹತ್ತುವವರಲ್ಲಿ, ಕಲ್ಯಾಣದುರ್ಗದಿಂದ ಪಾವಗಡದ ಮೇಲೆ ಹೋಗುವ ಬಸ್ಸುಗಳಲ್ಲಿ, ಹೋಟ್ಲು ಲೈನಿಗೆ ಅಂತ ಹೊರಟ ಹುಡುಗರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರಲ್ಲಿ ಕೆಲವರು ಅಲ್ಲಿಂದ ಗೋವಾಕ್ಕೆ ಹೋಗುತ್ತಾರೆ. ಆದ್ದರಿಂದ ಎರಡನ್ನೂ ನೋಡಿ ಆಮೇಲೆ ತೀರ್ಪಿಗೆ ಬರಬೇಕು.

ಮೊದಲು ಹೋಟೆಲು. ನಮ್ಮಲ್ಲಿ ಇನ್ನೂ ಕೆಲವರು ಹೋಟೆಲಿನ ಕೆಲಸ ಅಂದರೆ ಲೋಟ ತೊಳೆಯುವುದು ಅಂದುಕೊಂಡಿದ್ದಾರೆ. ಅಲ್ಲಿ ಏರಲಿಕ್ಕೆ ಒಂದು ಏಣಿ ಇದೆ. ಬಡಿಸುವವನು ಸ್ಟೀವರ್ಡ್, ಅವನ ಮೇಲೆ ಕ್ಯಾಪ್ಟನ್, ಅವನ ಮೇಲೆ ರೆಸ್ಟೋರೆಂಟ್ ಮ್ಯಾನೇಜರ್. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಕೋಮಿಯಿಂದ ಶುರುವಾಗಿ ಎಕ್ಸಿಕ್ಯುಟಿವ್ ಶೆಫ್ ತನಕ. ಹಾಸಿಗೆ ಹೊದಿಸುವ ಹೌಸ್‌ಕೀಪಿಂಗಿನಲ್ಲೂ ಹಾಗೆಯೇ. ಇದನ್ನು ಕಲಿಸುವ ಸರ್ಕಾರಿ ಸಂಸ್ಥೆಗಳು ಬೆಂಗಳೂರಿನಲ್ಲೂ ಇವೆ, ಹೈದರಾಬಾದಿನಲ್ಲೂ ಇವೆ, ತಿರುಪತಿಯಲ್ಲೂ ಇವೆ. ಮೂರು ವರ್ಷದ ಡಿಗ್ರಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು. ಅಷ್ಟು ಓದಲಾಗದವರಿಗೆ ಕೇಂದ್ರ ಪ್ರವಾಸೋದ್ಯಮ ಇಲಾಖೆ ‘ಹುನರ್ ಸೆ ರೋಜಗಾರ್ ತಕ್’ ಅಂತ ಫೀಸಿಲ್ಲದ ಚಿಕ್ಕ ತರಬೇತಿಯನ್ನು 2009-10ರಲ್ಲಿ ಶುರುಮಾಡಿತು. ಮೇಷ್ಟ್ರುಗಳು ಇಂಥ ವಿಷಯವನ್ನು ಹುಡುಗರಿಗೆ ಹೇಳಬೇಕು. ಇಂಜಿನಿಯರಿಂಗ್ ಒಂದೇ ದಾರಿ ಅಂತ ಹೇಳಿ ಹೇಳಿ ಎಷ್ಟು ಮನೆಗಳ ಹೊಲ ಅಡವಿಗೆ ಬಿದ್ದಿದೆಯೋ!

ಎಂ. ಎಸ್. ಒಬೆರಾಯ್ 1922ರಲ್ಲಿ ಶಿಮ್ಲಾದ ಸೆಸಿಲ್ ಹೋಟೆಲಿನಲ್ಲಿ ತಿಂಗಳಿಗೆ ಐವತ್ತು ರೂಪಾಯಿಯ ಗುಮಾಸ್ತೆಯಾಗಿ ಸೇರಿದವರು, 1934ರಲ್ಲಿ ಇದ್ದಬದ್ದದ್ದನ್ನು ಒತ್ತೆಯಿಟ್ಟು ಹೋಟೆಲೊಂದನ್ನು ತಮ್ಮದಾಗಿಸಿಕೊಂಡರು. ಎಲ್ಲರೂ ಒಬೆರಾಯ್ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಏಣಿಯ ಕೆಳಗಿನ ಮೆಟ್ಟಿಲಲ್ಲೇ ನಿಂತು ಹತ್ತು ವರ್ಷ ತಟ್ಟೆ ಎತ್ತಿದವರನ್ನೂ ಕಂಡಿದ್ದೇನೆ. ಹನ್ನೆರಡು ತಾಸು ನಿಂತು ಕಾಲಿನ ನರ ಉಬ್ಬಿಸಿಕೊಂಡವರೂ ಇದ್ದಾರೆ. ಆದರೆ ಆ ಕೆಲಸದಲ್ಲಿ ಮನಸ್ಸಿಗೆ ಚುಚ್ಚುವಂಥದ್ದು ಏನಿದೆ ಅಂತ ಕೇಳಿದರೆ, ನನಗೆ ಕಾಣುವುದು ಒಂದೇ: ಒಬ್ಬನು ಒಂದು ರಾತ್ರಿ ಮಲಗಲಿಕ್ಕೆ ಕೊಡುವ ದುಡ್ಡು ಆ ಹಾಸಿಗೆ ಹಾಸಿದವಳ ತಿಂಗಳ ಸಂಬಳಕ್ಕಿಂತ ಹೆಚ್ಚಿರಬಹುದು. ಅದು ಅನ್ಯಾಯವೇ. ಆ ಅನ್ಯಾಯ ಹಾಸಿಗೆ ಹಾಸಿದವಳದ್ದಲ್ಲ, ಲೋಕದ್ದು. ಅವಳು ಕೊಟ್ಟದ್ದು ಶುಚಿಯಾದ ಹಾಸಿಗೆ, ಅವನು ತಗೊಂಡದ್ದು ನಿದ್ದೆ. ವ್ಯಾಪಾರ ಅಲ್ಲಿಗೆ ಸರಿಹೋಯಿತು. ಬೆಳಿಗ್ಗೆ ಎದ್ದವನು ಹೋಟೆಲಿನ ಬಾಗಿಲು ದಾಟುವಾಗ ಬಂದದ್ದಕ್ಕಿಂತ ಕೆಟ್ಟಿರುವುದಿಲ್ಲ.

ಸೇವೆ ಅನ್ನುವುದು ಕೀಳೇನೂ ಅಲ್ಲ ಅನ್ನುವುದಕ್ಕೆ 2008ರ ನವೆಂಬರ್ 26ರ ರಾತ್ರಿ ಸಾಕ್ಷಿ. ಮುಂಬಯಿಯ ತಾಜ್ ಹೋಟೆಲಿಗೆ ಬಂದೂಕು ಹಿಡಿದವರು ನುಗ್ಗಿದಾಗ, ಹಿಂಬಾಗಿಲು ಎಲ್ಲಿದೆ ಅಂತ ಚೆನ್ನಾಗಿ ಬಲ್ಲ ಕೆಲಸಗಾರರು ಅತಿಥಿಗಳನ್ನು ಬಿಟ್ಟು ಓಡಲಿಲ್ಲ. ಬಚ್ಚಿಟ್ಟರು, ದಾರಿ ತೋರಿಸಿದರು, ಅಡುಗೆಯವರೂ ಸೇರಿ ಹಲವರು ಪ್ರಾಣ ಕೊಟ್ಟರು. ಸಂಬಳದ ಕರಾರಿನಲ್ಲಿ ಹಾಗೇನೂ ಬರೆದಿರಲಿಲ್ಲ.

ಇನ್ನು ಕ್ಯಾಸಿನೋ. ಗೋವಾದಲ್ಲಿ ಜೂಜಿನ ಕಾನೂನು 1976ರದು. 1992ರಲ್ಲಿ ಅದನ್ನು ತಿದ್ದಿ ಐದು ನಕ್ಷತ್ರದ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ, 1996ರಲ್ಲಿ ಇನ್ನೊಂದು ಸಲ ತಿದ್ದಿ ಹಡಗಿನ ಮೇಲೆ ಮೇಜಿನ ಆಟಕ್ಕೆ ದಾರಿ ಮಾಡಿದರು. ನೀರಿನ ಮೇಲೆ ಹೋದರೆ ಪಾಪ ತೇಲಿಹೋಗುತ್ತದೆ ಅಂದುಕೊಂಡರೋ ಏನೋ. ಅಲ್ಲಿ ಆಡಿಸುವ ಆಟಗಳಲ್ಲಿ ಒಂದು ಅಂದರ್-ಬಾಹರ್. ನಮ್ಮ ತೆಲುಗಿನವರು ಲೋಪಲ-ಬಯಟ ಅನ್ನುತ್ತಾರೆ, ನಾವು ಒಳಗೆ-ಹೊರಗೆ ಅನ್ನುತ್ತೇವೆ. ಅದೇ ಆಟ, ಅದೇ ಐವತ್ತೆರಡು ಎಲೆ. ಕಲ್ಯಾಣದುರ್ಗದ ಕಡೆಯ ಬೇವಿನ ಮರದ ಕೆಳಗೆ ಆಡಿದರೆ 1974ರ ಆಂಧ್ರ ಗೇಮಿಂಗ್ ಕಾಯ್ದೆಯಲ್ಲಿ ಕೇಸು. ಎಲೆ, ನಗದು, ಜೊತೆಗೆ ಮೋಟಾರ್ ಸೈಕಲ್ಲೂ ಸ್ಟೇಷನ್ನಿಗೆ. ಮಾಂಡೋವಿಯ ಮೇಲೆ ಆಡಿದರೆ ಲೈಸೆನ್ಸು, ಜಿಎಸ್‌ಟಿ, ಊಟ, ಕುಡಿತ, ಸಲಾಮು. ಆ ಜಿಎಸ್‌ಟಿ ಮೊದಲು ನೂರಕ್ಕೆ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ಆಡುವವರಿಗೆ ಬಿಡಿ, ಸರ್ಕಾರಕ್ಕಂತೂ ಅಲ್ಲಿ ಸೋಲಿಲ್ಲ.

ಇದು ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಇದ್ದಾನೆ. ಅವನು ತೋರಿಸಿದ ಜಾಗದಲ್ಲಿ, ಅವನು ಬಾಡಿಗೆಗೆ ಕೊಟ್ಟ ದಾಳದಲ್ಲೇ ಆಡಬೇಕು. ಬೇರೆ ಕಡೆ ಆಡಿದರೆ 12 ಪಣ ದಂಡ. ಗೆದ್ದವನ ದುಡ್ಡಿನಲ್ಲಿ ನೂರಕ್ಕೆ ಐದು ರಾಜನಿಗೆ. ಜೂಜು ಕೆಟ್ಟದ್ದು, ಆದರೆ ನನ್ನ ಚಾವಡಿಯಲ್ಲಿ ಆಡಿದರೆ ಪರವಾಗಿಲ್ಲ ಅನ್ನುವ ಮಾತು ಎರಡು ಸಾವಿರ ವರ್ಷಕ್ಕೆ ಹತ್ತಿರವಾದದ್ದು.

ಆದರೂ ಕಾನೂನು ಮಾಡಿದವರಿಗೆ ಒಳಗೊಳಗೆ ಗೊತ್ತಿದೆ ಅನ್ನುವುದು ನನ್ನ ಅಭಿಪ್ರಾಯ. 2020ರಲ್ಲಿ ಗೋವಾ ಸರ್ಕಾರ ತನ್ನ ರಾಜ್ಯದ ನಿವಾಸಿಗಳು ಕ್ಯಾಸಿನೋದಲ್ಲಿ ಆಡಬಾರದು ಅಂತ ಕಟ್ಟು ಮಾಡಿತು. ಮೊನಾಕೋ ಅನ್ನುವ ಪುಟ್ಟ ದೇಶ ಕ್ಯಾಸಿನೋದಿಂದಲೇ ಹೆಸರಾದದ್ದು, ಅಲ್ಲಿನ ಪ್ರಜೆಗಳಿಗೆ ಅದರಲ್ಲಿ ಆಡುವ ಹಾಗಿಲ್ಲ. ಸಿಂಗಪುರದಲ್ಲಿ ಹೊರಗಿನವರಿಗೆ ಬಾಗಿಲು ಪುಕ್ಕಟೆ, ಊರಿನವರು ಒಳಗೆ ಕಾಲಿಡಲಿಕ್ಕೇ ದಿನಕ್ಕೆ 150 ಡಾಲರ್ ಕಟ್ಟಬೇಕು. ಹಾಲು ಒಳ್ಳೆಯದಾದರೆ ಮನೆಯ ಮಕ್ಕಳಿಗೆ ಮೊದಲು ಕೊಡುತ್ತಾರೆ. ಇವರು ಮನೆಯವರನ್ನು ಹೊರಗಿಟ್ಟು ಪಕ್ಕದ ಊರಿನವರನ್ನು ಕರೆಯುತ್ತಾರೆ. ನಮ್ಮ ಹುಡುಗ ನಗುತ್ತಾ ಹೇಳಿದ, “ಗೋವಾದೋರು ಬರಂಗಿಲ್ಲ ಸಾರ್. ಬರೋರೆಲ್ಲಾ ನಮ್ಮ ಕಡೆಯೋರೇ. ತೆಲುಗು ಕನ್ನಡ ಎರಡೂ ಬರ್ತದೆ ಅಂತಾನೇ ನಂಗೆ ಒಳ್ಳೆ ಟೇಬಲ್ ಕೊಡ್ತಾರೆ.”

ನಾನು ಲೆಕ್ಕ ಕಲಿಸಿದವನು, ಆದ್ದರಿಂದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ರೂಲೆಟ್ ಅನ್ನುವ ಚಕ್ರದಲ್ಲಿ 1ರಿಂದ 36ರ ತನಕ ಅಂಕಿಗಳಿವೆ, ಜೊತೆಗೆ ಒಂದು ಸೊನ್ನೆ. ಒಟ್ಟು 37 ಗುಳಿ. ಒಂದು ಅಂಕಿಗೆ ನೂರು ರೂಪಾಯಿ ಕಟ್ಟಿ ಗೆದ್ದರೆ ಒಂದಕ್ಕೆ 35ರಂತೆ 3,500, ಕಟ್ಟಿದ ನೂರು ಸೇರಿ 3,600 ಕೈಗೆ ಬರುತ್ತದೆ. ಈಗ ಮೂವತ್ತೇಳು ಗುಳಿಗೂ ನೂರು ನೂರು ಕಟ್ಟಿದೆ ಅನ್ನಿ. 3,700 ಹೋಯಿತು. ಗೋಲಿ ಎಲ್ಲಿ ಬಿದ್ದರೂ ವಾಪಸು ಬರುವುದು 3,600. ಆ ನೂರು ರೂಪಾಯಿ ಮನೆಯವನದ್ದು. ಮೋಸವಿಲ್ಲ, ಕೈಚಳಕವಿಲ್ಲ, ಸೊನ್ನೆಯೊಂದೇ ಸಾಕು. ನೂರಕ್ಕೆ 2.7. ಎರಡು ಸೊನ್ನೆಯ ಚಕ್ರವಾದರೆ ನೂರಕ್ಕೆ 5.26, ಕೌಟಿಲ್ಯನ ಪಾಲಿಗೆ ಹತ್ತಿರ ಹತ್ತಿರ. ಇದು ಬಹಳ ಕಡಿಮೆಯಲ್ಲವೇ ಅನ್ನಬಹುದು. ಬಡ್ಡಿಗಿಂತ ಕಡಿಮೆ. ಆದರೆ ಬಡ್ಡಿ ತಿಂಗಳಿಗೊಂದು ಸಲ ಬರುತ್ತದೆ, ಚಕ್ರ ಗಂಟೆಗೆ ಮೂವತ್ತು ನಲವತ್ತು ಸಲ ತಿರುಗುತ್ತದೆ. ಗೆದ್ದ ದುಡ್ಡನ್ನೇ ಮತ್ತೆ ಮತ್ತೆ ಕಟ್ಟುತ್ತಾ ಹೋದರೆ ಕೊನೆಗೆ ಉಳಿಯುವುದು ಸೊನ್ನೆ. ಮನೆಯವನು ಬೇಡುವುದು ನೀವು ಸೋಲುವುದನ್ನಲ್ಲ. ನೀವು ಏಳದೆ ಕೂತಿರುವುದನ್ನು.

ಹುಡುಗನಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ. ಹಂಚುವವರಿಗೆ ಕೆಲಸಕ್ಕೆ ಮೊದಲು ಮೇಜಿನ ಲೆಕ್ಕ ಕಲಿಸುತ್ತಾರೆ. ಜೇಬಿಲ್ಲದ ಬಟ್ಟೆ ಕೊಡುತ್ತಾರೆ. ಮೇಜು ಬಿಡುವಾಗ ಎರಡೂ ಅಂಗೈ ತಿರುವಿ ತಲೆಯ ಮೇಲಿನ ಕ್ಯಾಮೆರಾಕ್ಕೆ ತೋರಿಸಿ ಏಳಬೇಕು. ಕೈ ಅಷ್ಟು ಶುದ್ಧ. ನನ್ನ ಸರ್ವೀಸಿನಲ್ಲಿ ನೋಡಿದ ಎಷ್ಟೋ ಆಫೀಸುಗಳಲ್ಲಿ ಹೀಗೆ ಅಂಗೈ ತೋರಿಸುವ ಪದ್ಧತಿ ಇದ್ದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಅವನ ತಪ್ಪೇನು? ಅವನ ಪರವಾಗಿ ನಾನೇ ವಾದ ಮಾಡಿ ನೋಡಿದೆ. ಭಾರತದಲ್ಲೇ ಧರ್ಮವ್ಯಾಧನ ಕಥೆ ಇದೆ. ಮಿಥಿಲೆಯಲ್ಲಿ ಮಾಂಸ ಮಾರುವವನು. ತಾನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ, ತೂಕದಲ್ಲಿ ಮೋಸವಿಲ್ಲ, ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ತಪಸ್ಸು ಮಾಡಿದ ಕೌಶಿಕ ಅವನ ಅಂಗಡಿಗೆ ಬಂದು ಧರ್ಮ ಕೇಳಿಸಿಕೊಂಡು ಹೋಗುತ್ತಾನೆ. ನಮ್ಮ ಹುಡುಗನೂ ಹೆಚ್ಚುಕಮ್ಮಿ ಅದನ್ನೇ ಹೇಳಿದ. ಇನ್ನೂ ಒಂದು ಮಾತು ಸೇರಿಸಿದ: “2019ರಿಂದ 2024ರ ತನಕ ನಮ್ಮ ರಾಜ್ಯದಲ್ಲಿ ಬ್ರಾಂದಿ ಅಂಗಡಿ ಸರ್ಕಾರಾನೇ ನಡೆಸ್ತು. ಡಿಗ್ರಿ ಓದಿದೋರು ಸೇಲ್ಸ್‌ಮನ್ ಆಗಿ ನಿಂತ್ಕೊಂಡ್ರು. ಅವರನ್ನ ಯಾರಾದ್ರೂ ಪಾಪ ಅಂದ್ರಾ? ಸರ್ಕಾರಿ ಕೆಲಸ ಅಂದ್ರು, ಹೆಣ್ಣು ಕೊಟ್ರು.”

ಮಾತು ನಿಜ. ಊರಿನಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡುವವರು ಗುಡಿಯ ಕಟ್ಟೆಯ ಮೇಲೆ ಮೊದಲ ಸಾಲಿನಲ್ಲಿ ಕೂತಿರುವಾಗ, ಗೋವಾದಲ್ಲಿ ಎಲೆ ಹಾಕುವ ಹುಡುಗನಿಗೆ ಬುದ್ಧಿ ಹೇಳುವ ಹಕ್ಕು ಯಾರಿಗಿದೆ? ಮಳೆಯಿಲ್ಲದ ನೆಲದಲ್ಲಿ ಹುಟ್ಟಿದ ಅವನಿಗೆ ಈ ಕೆಲಸ ಬಿಡು ಅನ್ನುವವರು ಬದಲಿಗೆ ಇನ್ನೊಂದು ಕೆಲಸ ಕೈಗೆ ಕೊಟ್ಟು ಹೇಳಬೇಕು. ನನ್ನ ಕೈಯಲ್ಲಿ ಅದಿಲ್ಲ.

ಆದರೂ ಧರ್ಮವ್ಯಾಧನಿಗೂ ಅವನಿಗೂ ಒಂದು ವ್ಯತ್ಯಾಸ ಇದೆ ಅಂತ ನನಗೆ ಅನ್ನಿಸುತ್ತದೆ. ವ್ಯಾಧನ ಹತ್ತಿರ ಒಂದು ಸೇರು ಕೊಂಡವನು ಹೊಟ್ಟೆ ತುಂಬಿದ ಮೇಲೆ ನಾಳೆ ಬರುತ್ತಾನೆ. ಅಂಗಡಿಯವನಿಗೆ ಅಷ್ಟೇ ಸಾಕು. ಮಾಂಸಕ್ಕೆ ಸಾಕು ಅನ್ನುವುದುಂಟು, ಹಾಸಿಗೆಗೆ ಸಾಕು ಅನ್ನುವುದುಂಟು. ಜೂಜಿನ ಮೇಜು ಬದುಕುವುದೇ ಎದುರಿನವನು ಸಾಕು ಅನ್ನದೆ ಇರುವುದರಿಂದ. ಆಟದ ಹಾಲಿನಲ್ಲಿ ಗಡಿಯಾರ ಕಾಣದ ಹಾಗೆ ಇಡುವುದು, ದುಡ್ಡಿನ ಬದಲು ಬಣ್ಣದ ಬಿಲ್ಲೆ ಕೊಡುವುದು, ಕುಡಿತ ಕೈಗೇ ತಂದುಕೊಡುವುದು, ಎಲ್ಲ ಅದಕ್ಕಾಗಿ. ಆ ಬಿಲ್ಲೆಯಲ್ಲಿ ಗದ್ದೆ ಕಾಣುವುದಿಲ್ಲ, ತಾಳಿ ಕಾಣುವುದಿಲ್ಲ.

ಇಲ್ಲಿ ಕಂಕಭಟ್ಟನ ಹತ್ತಿರ ವಾಪಸು ಬರಬೇಕು. ವಿರಾಟ ಗೆಲುವಿನ ಸುದ್ದಿ ಕೇಳಿ ಹಿಗ್ಗಿ, ಬಾ ಆಡೋಣ ಅಂತ ಪಗಡೆ ತರಿಸುತ್ತಾನೆ. ಆಗ ಕಂಕ ಏನನ್ನುತ್ತಾನೆ? ಆಡುವುದು ಅವನ ಉದ್ಯೋಗ. ಅದಕ್ಕೇ ಅನ್ನ ತಿನ್ನುತ್ತಿದ್ದಾನೆ. ಆದರೂ ಬೇಡ ಅನ್ನುತ್ತಾನೆ. ಜೂಜಿನಲ್ಲಿ ಬಹಳ ಕೇಡಿದೆ, ಯುಧಿಷ್ಠಿರ ಅನ್ನುವ ರಾಜ ಹೀಗೇ ಎಲ್ಲ ಕಳಕೊಂಡ, ನಿನಗೆ ಗೊತ್ತಿಲ್ಲವೇ ಅಂತ ತನ್ನ ಕಥೆಯನ್ನೇ ಬೇರೆಯವನದೆಂಬಂತೆ ಹೇಳುತ್ತಾನೆ. ರಾಜ ಕೇಳುವುದಿಲ್ಲ, ಆಟ ನಡೆಯುತ್ತದೆ. ಮುಂದೆ ಮಾತಿಗೆ ಮಾತು ಬೆಳೆದು ರಾಜ ದಾಳವನ್ನು ಮುಖಕ್ಕೆ ಎಸೆಯುತ್ತಾನೆ, ಕಂಕನ ಮೂಗಿನಲ್ಲಿ ರಕ್ತ ಬರುತ್ತದೆ. ಆ ಕೆಲಸದಲ್ಲಿದ್ದೂ ಧರ್ಮರಾಯ ಧರ್ಮರಾಯನಾಗಿ ಉಳಿದದ್ದು ಹೇಗೆ ಅಂತ ನನ್ನನ್ನು ಕೇಳಿದರೆ, ಆ ಒಂದು ‘ಬೇಡ’ದಿಂದ ಅನ್ನುತ್ತೇನೆ. ಅದೇ ಸಭೆಯಲ್ಲಿ ಅದಕ್ಕೆ ಮೊದಲು ದ್ರೌಪದಿಯನ್ನು ಕೀಚಕ ಒದ್ದಾಗ ಅವನು ಕೂತಲ್ಲೇ ಕೂತಿದ್ದನ್ನೂ ಮರೆಯಬಾರದು. ನೌಕರಿ ಮನುಷ್ಯನನ್ನು ಎಷ್ಟು ಸುಮ್ಮನಾಗಿಸುತ್ತದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಮ್ಮ ಹುಡುಗನನ್ನು ಕೇಳಿದೆ: ಎದುರಿಗೆ ಕೂತವನು ಮುಳುಗುತ್ತಿದ್ದಾನೆ ಅಂತ ನಿನಗೆ ಗೊತ್ತಾದರೆ, ಅಣ್ಣಾ ಸಾಕು ಏಳು ಅಂತ ಹೇಳಬಹುದಾ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಹೇಳಂಗಿಲ್ಲ ಸಾರ್. ಕ್ಯಾಮೆರಾದಲ್ಲಿ ಕಾಣ್ತದೆ, ಹಿಂದೆ ಇನ್‌ಸ್ಪೆಕ್ಟರ್ ನಿಂತಿರ್ತಾನೆ. ಒಂದ್ಸಲ ನಮ್ಮ ಹಿಂದೂಪುರದ ಕಡೆ ಮಾತಾಡೋ ಯಜಮಾನ್ರು ಒಬ್ರು ಕೂತಿದ್ರು. ಹುಣಸೆಹಣ್ಣಿನ ವ್ಯಾಪಾರ ಅಂದ್ರು. ಬೆಳಗಿನ ಜಾವದ ತನಕ ಆಡಿದ್ರು. ನಾನು ಎಲೆ ನಿಧಾನ ಹಾಕ್ದೆ. ಅಷ್ಟೇ ನನ್ನ ಕೈಲಾಗಿದ್ದು.”

ಎಲೆ ನಿಧಾನ ಹಾಕಿದೆ ಅನ್ನುವ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಹಂಚುವ ಹುಡುಗನಿಗೆ ಪಾಪ ಸುತ್ತಿಕೊಳ್ಳುವುದು ಬಹಳ ಕಡಿಮೆ ಅಂತ ನಾನು ತೀರ್ಮಾನಿಸಿದ್ದು ಅದರಿಂದ. ಅವನು ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ಹಿಡಿದು ಕೂರಿಸುವುದಿಲ್ಲ. ಆದರೆ ಅವನ ಏಣಿಯೂ ಅಲ್ಲಿಗೇ ನಿಲ್ಲುವುದಿಲ್ಲ, ಪ್ರಶ್ನೆ ನಿಜವಾಗಿ ಇರುವುದು ಆ ಏಣಿಯಲ್ಲಿ. ಹೋಟೆಲಿನಲ್ಲಿ ಮೇಲೆ ಏರಿದ ಹಾಗೆಲ್ಲ ಅತಿಥಿಯ ಸುಖದ ಜವಾಬ್ದಾರಿ ಹೆಚ್ಚುತ್ತದೆ. ಸ್ಟೀವರ್ಡಿಗೆ ಒಂದು ಮೇಜು, ಮ್ಯಾನೇಜರಿಗೆ ಇಡೀ ಮನೆ. ಕ್ಯಾಸಿನೋದಲ್ಲೂ ಏಣಿ ಇದೆ: ಹಂಚುವವನ ಮೇಲೆ ಇನ್‌ಸ್ಪೆಕ್ಟರ್, ಅವನ ಮೇಲೆ ಪಿಟ್ ಬಾಸ್, ಶಿಫ್ಟ್ ಮ್ಯಾನೇಜರ್. ಪಕ್ಕದಲ್ಲಿ ಇನ್ನೊಂದು ಏಣಿ ಇದೆ, ಹೋಸ್ಟ್ ಅನ್ನುತ್ತಾರೆ. ಆತಿಥ್ಯ ಮಾಡುವವನು ಅಂತ ಅರ್ಥ, ಕೇಳಲಿಕ್ಕೆ ಚೆನ್ನಾಗಿದೆ. ದೊಡ್ಡದಾಗಿ ಕಟ್ಟುವವರ ಫೋನ್ ನಂಬರ್ ಇಟ್ಟುಕೊಂಡು, ಹಬ್ಬಕ್ಕೆ ಶುಭಾಶಯ ಹೇಳಿ, ಮಗಳ ಹುಟ್ಟಿದ ದಿನ ನೆನಪಿಟ್ಟುಕೊಂಡು, ಪುಕ್ಕಟೆ ರೂಮು ಕೊಟ್ಟು, ವಿಮಾನದ ಟಿಕೆಟ್ಟು ಕಳಿಸಿ ಮತ್ತೆ ಕರೆಸುವುದು ಅವನ ಕೆಲಸ. ಯಾರಿಂದ ಹೆಚ್ಚು ಬರುತ್ತದೋ ಅವರಿಗೆ ಹೆಚ್ಚು ಮರ್ಯಾದೆ. ಬೇಡ ಅಂತ ಮನೆಯಲ್ಲಿ ಕೂತವನನ್ನು ಎಬ್ಬಿಸಿ ತರಬೇಕು. ತಾಜ್ ಹೋಟೆಲಿನ ಕೆಲಸಗಾರರು ಆ ರಾತ್ರಿ ಅತಿಥಿಗಾಗಿ ಕಲಿತ ವಿದ್ಯೆಯನ್ನೇ, ಹೆಸರು ನೆನಪಿಟ್ಟುಕೊಳ್ಳುವುದು, ಬೇಕುಬೇಡ ಅರಿಯುವುದು, ನಗುಮುಖ, ಎಲ್ಲವನ್ನೂ, ಇಲ್ಲಿ ಅತಿಥಿಯ ವಿರುದ್ಧ ತಿರುಗಿಸಬೇಕು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮಡಕಶಿರಾ ಕಡೆಯ ಶರಣರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಗಂಡ ಮಾರಯ್ಯ ದಿನದ ಅಕ್ಕಿಗಿಂತ ಒಂದಿಷ್ಟು ಹೆಚ್ಚು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದವಳು ಅವಳು. ಅಕ್ಕಿ ಆಯುವುದು ತಪ್ಪು ಅನ್ನಲಿಲ್ಲ. ಕೆಲಸ ಒಂದೇ, ಎಲ್ಲಿ ನಿಲ್ಲಬೇಕು ಅನ್ನುವುದಷ್ಟೇ ಅವಳಿಗೆ ಕಂಡಿತ್ತು. ನಾನು ಹುಡುಗನಿಗೆ ಇದನ್ನು ಹೇಳಲಿಲ್ಲ. ಕಥೆ ಹೇಳಿದರೆ ಈಗಿನವರು ಫೋನು ತೆಗೆಯುತ್ತಾರೆ. ಇಷ್ಟೇ ಹೇಳಿದೆ: ಎಲೆ ಹಾಕು, ಸಂಬಳ ತಗೋ, ಹೋಟೆಲಿನ ಕಡೆ ಜಾಗ ಸಿಕ್ಕಿದ ದಿನ ದಾಟಿಕೋ. ಆದರೆ ಫೋನು ಮಾಡಿ ಕರೆಯುವ ಕುರ್ಚಿಗೆ ಮಾತ್ರ ಏರಬೇಡ.

ಅವನು ನೆಲ ನೋಡುತ್ತಾ ಹೇಳಿದ, “ಅದನ್ನೇ ಕೇಳೋಣ ಅಂತ ಬಂದೆ ಸಾರ್. ನಂಗೆ ಎರಡು ಭಾಷೆ ಬರ್ತದಲ್ಲ, ಈ ಕಡೆ ಗಿರಾಕಿಗಳಿಗೆ ಹೋಸ್ಟ್ ಆಗು ಅಂದವ್ರೆ. ಸಂಬಳ ಈಗಿಂದಕ್ಕೆ ಎರಡರಷ್ಟು. ತಂಗಿ ಬಿ.ಎಡ್. ಸೇರ್ಬೇಕು ಅಂತಾಳೆ, ಬೋರ್‌ವೆಲ್ ಸಾಲ ಇನ್ನೂ ಅರ್ಧ ಹಂಗೇ ಐತೆ. ಮನೇಲಿ ಅಮ್ಮಂಗೆ ಹಡಗಿನ ಹೋಟ್ಲು ಅಂತ ಅಷ್ಟೇ ಗೊತ್ತು.”

ಬಿ.ಎಡ್. ಫೀಸು ಎಷ್ಟು, ಸಾಲ ಎಷ್ಟು ಅಂತ ಕೇಳಿದೆ. ಹೇಳಿದ. ಇಬ್ಬರೂ ಜಗಲಿಯ ಮೇಲೆ ಕೂತು ಹಳೇ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದೆವು. ಹಂಚುವವನ ಸಂಬಳದಲ್ಲಾದರೆ ನಾಲ್ಕು ವರ್ಷ, ಹೋಸ್ಟ್ ಸಂಬಳದಲ್ಲಾದರೆ ಒಂದೂವರೆ. ಪೇಪರನ್ನು ಹರಿದು ಜೇಬಿನಲ್ಲಿಟ್ಟುಕೊಂಡು ಹೋದ. ಉತ್ತರ ಹೇಳಲಿಕ್ಕೆ ಅವನಿಗೆ ಯುಗಾದಿಯ ತನಕ ಟೈಮ್ ಕೊಟ್ಟಿದ್ದಾರಂತೆ.